ಮೆಂತೆಕಾಳಿನ ಪಾಳಿ

ಹುಲಗೂರಿನ ದರ್ಗಾಕ್ಕೆ ಬಂದವರು ಒಂದು ಪೊಟ್ಟಣ ಚುರುಮುರಿ ಕಟ್ಟಿಸಿಕೊಳ್ಳದೆ ವಾಪಸು ಬಸ್ಸು ಹತ್ತುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಆ ಊರಲ್ಲಿ ಚುರುಮುರಿ ಎಂದರೆ ರಮಜಾನಬಿಯ ಭಟ್ಟಿಯದು. ದರ್ಗಾದ ಹಿಂದಿನ ಓಣಿಯಲ್ಲಿ ಒಂದು ತಗಡಿನ ಚಪ್ಪರ, ಅದರಡಿ ಮಣ್ಣಿನ ದೊಡ್ಡ ಒಲೆ, ಒಲೆಯ ಮೇಲೆ ಹೊಗೆ ಹಿಡಿದು ಕಪ್ಪಾದ ಕಡಾಯಿ. ಕಾದ ಉಸುಕಿನ ಮೇಲೆ ಆಕೆ ಅಕ್ಕಿ ಬೀರಿದರೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಅದು ಅರಳಿ ಮೇಲೇಳುತ್ತಿತ್ತು.

ಆ ಭಟ್ಟಿಗೆ ಗೋಡೆ ಹಚ್ಚಿ ನಮ್ಮ ಸೋದರಮಾವ ಭರಮಪ್ಪನ ಮನೆ. ನಾನು ಹಾನಗಲ್ಲಿನಲ್ಲಿ ಮಾಸ್ತರಕಿ ಮಾಡುತ್ತಿದ್ದಾಗ ಸೂಟಿ ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದೆ. ಈಗ ಬರೆಯುತ್ತಿರುವುದರಲ್ಲಿ ಒಂದಿಷ್ಟು ನಾನೇ ಕಂಡದ್ದು, ಹೆಚ್ಚಿನದು ಅತ್ತೆ ಯಂಕವ್ವ ಹೇಳಿದ್ದು. ಯಂಕವ್ವ, ರಮಜಾನಬಿ ಒಂದೇ ವಾರಿಗೆಯವರು. ಒಬ್ಬರ ಒಲೆಯ ಕೆಂಡ ಇನ್ನೊಬ್ಬರ ಒಲೆಗೆ, ಒಬ್ಬರ ಮನೆಯ ಪಲ್ಯ ಇನ್ನೊಬ್ಬರ ಗಂಗಾಳಕ್ಕೆ ಹೋಗುತ್ತಿದ್ದ ಕಾಲ ಅದು.

ರಮಜಾನಬಿ ಸವಣೂರಿನ ಹುಡುಗಿ. ಅಪ್ಪ ಅಲ್ಲಿಯ ಎಲೆತೋಟದಲ್ಲಿ ಬಳ್ಳಿ ಕಟ್ಟುವ ಕೆಲಸಕ್ಕಿದ್ದ. ಮದುವೆಯಾಗಿ ಹುಲಗೂರಿಗೆ ಬಂದಾಗ ಆಕೆಗೆ ಭಟ್ಟಿಯ ಕೆಲಸದ ಗಂಧವೂ ಇರಲಿಲ್ಲ. ಮಾವ ಕಲಿಸಿದ, ಆಕೆ ಕಲಿತಳು. ಮಾವ ತೀರಿಕೊಂಡ ಮೇಲೆ ಭಟ್ಟಿಯೇ ಆಕೆಯದಾಯಿತು. ನಿನ್ನೆಯ ಚುರುಮುರಿಯನ್ನು ಇವತ್ತಿನದರಲ್ಲಿ ಬೆರೆಸುವುದು ಆ ವ್ಯಾಪಾರದಲ್ಲಿ ಎಲ್ಲರೂ ಮಾಡುವ ಕೆಲಸ. ಆಕೆ ಬೆರೆಸುತ್ತಿರಲಿಲ್ಲ. ಉಳಿದದ್ದನ್ನು ಬೇರೆ ಚೀಲದಲ್ಲಿಟ್ಟು, "ಇದು ನಿನ್ನಿದು, ಬೇಕಾದ್ರ ತಗೋರಿ" ಎಂದು ಹೇಳಿಯೇ ಕೊಡುತ್ತಿದ್ದಳು.

ಗಂಡ ಮಕ್ತುಮಸಾಬ ಎತ್ತರದ ಆಳು, ಮಾತುಗಾರ. ಸೈಕಲ್ಲಿನ ಹಿಂದೆ ಮುಂದೆ ಚೀಲ ಕಟ್ಟಿಕೊಂಡು ದುಂಡಸಿಗೆ, ಶಿಗ್ಗಾಂವಿಗೆ ಸಂತೆ ಮಾಡಿಕೊಂಡು ಬರುತ್ತಿದ್ದ. ಸವಣೂರಿನ ಖಾರಾ, ಆ ಕರಿದ ತಿಂಡಿ, ಎಂದರೆ ಆತನಿಗೆ ಪ್ರಾಣ. ಹೆಂಡತಿಯ ತವರಿನಿಂದ ಯಾರೇ ಬಂದರೂ ಮೊದಲು ಖಾರಾದ ಪೊಟ್ಟಣ ಎಲ್ಲಿ ಎಂದು ಕೇಳುತ್ತಿದ್ದ, ಆಮೇಲೆ ಕ್ಷೇಮಸಮಾಚಾರ. ಆತನ ಅಪ್ಪ, ಅಣ್ಣ ಇಬ್ಬರೂ ಐವತ್ತು ಕಾಣಲಿಲ್ಲ. ಅಣ್ಣನಂತೂ ಮಸೀದಿಯ ನೀರಿನ ಹೌದಿನ ಕಟ್ಟೆಯ ಮೇಲೆ ಕೂತವನು ಕೂತಲ್ಲೇ ಹೋದ. ಆ ಮನೆತನದ ಗಂಡಸರ ಹಣೆಬರಹವೇ ಅಷ್ಟು ಎಂದು ಊರು ಮಾತಾಡಿಕೊಂಡಿತ್ತು. ರಮಜಾನಬಿ ಆ ಮಾತಿಗೆ ಹೂಂ ಅಂದವಳಲ್ಲ, ಉಹೂಂ ಅಂದವಳೂ ಅಲ್ಲ.

ಎಂಬತ್ತೊಂದರ ಬೇಸಗೆಯಲ್ಲಿ ದುಂಡಸಿಯ ದಾರಿಯ ಏರಿನಲ್ಲಿ ಮಕ್ತುಮಸಾಬನಿಗೆ ಎದೆ ಹಿಡಿದಂತಾಯಿತು. ಸೈಕಲ್ಲು ಬಿಟ್ಟು ಬದುವಿನ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ಮನೆಗೆ ಬಂದು ಆತ ಏನೂ ಹೇಳಲಿಲ್ಲ, ಆದರೆ ಚೀಲದ ಚುರುಮುರಿ ಹಾಗೇ ವಾಪಸು ಬಂದದ್ದನ್ನು ಕಂಡು ರಮಜಾನಬಿ ಕೇಳಿಯೇ ಕೇಳಿದಳು. ಮರುದಿನ ಭಟ್ಟಿ ಹೊತ್ತಿಸದೆ ಗಂಡನನ್ನು ಶಿಗ್ಗಾಂವಿಗೆ ಕರೆದುಕೊಂಡು ಹೋದಳು.

ಶಿಗ್ಗಾಂವಿಯ ಬಸ್‌ಸ್ಟ್ಯಾಂಡಿನ ಹತ್ತಿರ ಡಾಕ್ಟರ್ ಮಹಾಲಿಂಗಪ್ಪನವರ ದವಾಖಾನೆ ಇತ್ತು. ಹಾನಗಲ್ಲಿನ ಕಡೆಯವರು, ನಡುವಯಸ್ಸಿನವರು. ರೋಗಿ ಬಂದರೆ ಮೊದಲು ಕಣ್ಣು, ಉಗುರು, ನಾಲಿಗೆ ನೋಡುತ್ತಿದ್ದರು. ಮಕ್ತುಮಸಾಬನ ಕಣ್ಣಿನ ರೆಪ್ಪೆಯ ಹತ್ತಿರ ಹಳದಿ ಬಣ್ಣದ ಸಣ್ಣ ಗಂಟುಗಳಿದ್ದವು. ಅವನ್ನು ಬಹಳ ಹೊತ್ತು ನೋಡಿದರು. ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದು ಹುಬ್ಬಳ್ಳಿಗೆ ಕಳಿಸಿದರು. ವಾರದ ಮೇಲೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು.

"ರಕ್ತದಾಗ ಕೊಲೆಸ್ಟರಾಲ್ ಅಂತ ಒಂದು ಜಿಡ್ಡಿನಂಥಾದ್ದು ಇರತೈತಿ. ಇವರಿಗೆ ಅದು ಭಾಳ ಐತಿ. ರಕ್ತ ಹರಿಯೋ ನಾಳದ ಒಳಗ ಮೆತ್ತಿಕೊಂತ ಹೋಗತೈತಿ. ನಾಳ ಸಣ್ಣದಾತಂದ್ರ ಎದಿಗೆ ರಕ್ತ ಸಾಲೂದಿಲ್ಲ. ಏರಿನ್ಯಾಗ ಹಿಡಕೊಂಡಿದ್ದು ಅದ."

"ನಾವೇನು ದಿನಾ ಮಟನ್ ತಿನ್ನಾವ್ರಲ್ರಿ ಸಾಹೇಬ್ರ" ಎಂದಳು ರಮಜಾನಬಿ.

"ತಿಂದದ್ದರಿಂದ ಅಷ್ಟ ಬರೂದಲ್ಲ ಇದು. ನಮ್ಮ ಲಿವರ್ ತಾನ ಮಾಡತೈತಿ. ಕೆಲವು ಮನಿತನದಾಗ ಹುಟ್ಟಿನಿಂದನ ಜಾಸ್ತಿ. ಇವರ ಅಪ್ಪಗ, ಅಣ್ಣಗ ಹಿಂಗ ಇದ್ದಿರಬೇಕು."

ಹಣೆಬರಹ ಎಂದು ಊರು ಹೇಳುತ್ತಿದ್ದದ್ದಕ್ಕೆ ಒಂದು ಹೆಸರು ಇದೆ, ಅದನ್ನು ಅಳೆಯಬಹುದು ಎಂದು ಆಕೆಗೆ ಗೊತ್ತಾದದ್ದು ಅವತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದರೆ, ಆಕೆಗೆ ಮಾತ್ರ ಯಾರೋ ಕತ್ತಲ ಕೋಣೆಗೆ ಚಿಮಣಿ ದೀಪ ತಂದಿಟ್ಟಂತೆ ಅನಿಸಿತಂತೆ.

ಡಾಕ್ಟರು ಗುಳಗಿ ಕೊಟ್ಟರು. ನೋವು ಬಂದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಬೇರೆ ಸಣ್ಣ ಗುಳಗಿ ಕೊಟ್ಟರು. ಬೀಡಿ, ಕರಿದದ್ದು ಬಿಡಿಸಿದರು. ಹೀಗೆ ಹೋಗಿ ಬರುವುದು ನಡೆಯಿತು. ಒಂದು ದಿನ ಅವರು ರಮಜಾನಬಿಗೆ ಬೇರೆಯೇ ಒಂದು ಮಾತು ಹೇಳಿದರು. ವೈದ್ಯರ ಪತ್ರಿಕೆಗಳಲ್ಲಿ ಅವರು ಮೆಂತೆಕಾಳಿನ ಬಗ್ಗೆ ಓದಿದ್ದರು. ಪ್ರಾಣಿಗಳ ಮೇಲೆ, ಕೆಲವು ಮನುಷ್ಯರ ಮೇಲೂ ನೋಡಿದ್ದಾರೆ, ಕೊಲೆಸ್ಟರಾಲ್ ಇಳಿದಂತೆ ಕಂಡಿದೆ, ನಮ್ಮ ಕಡೆಯ ಜೋಳದ ರೊಟ್ಟಿ ಉಣ್ಣುವ ಜನರಲ್ಲಿ ಏನಾಗುತ್ತದೋ ನೋಡಬೇಕು ಎಂದರು.

"ಮೆಂತೆ ಹೆಂಗ ಇಳಸತೈತ್ರಿ?" ಎಂದು ಆಕೆ ಕೇಳಿದಳು.

ಡಾಕ್ಟರಿಗೆ ಕೇಳುವವರು ಸಿಕ್ಕರೆ ಹೇಳುವುದಕ್ಕೆ ಬೇಸರವಿರಲಿಲ್ಲ. "ಉಂಡದ್ದು ಕರಗಸಾಕ ಲಿವರ್ ಪಿತ್ತ ಮಾಡತೈತಿ. ಪಿತ್ತ ಮಾಡಾಕ ಕೊಲೆಸ್ಟರಾಲ್ ಬೇಕು. ಕೆಲಸ ಆದಮ್ಯಾಲ ಪಿತ್ತ ಕರುಳಿನಿಂದ ಮತ್ತ ಲಿವರಿಗೆ ವಾಪಸ್ ಹೋಗತೈತಿ. ಮೆಂತೆ ನೆನಸಿದ್ರ ಲೋಳಿ ಬರತೈತಲ್ಲ, ಆ ಲೋಳಿ ಪಿತ್ತ ಹಿಡಕೊಂಡು ಹೊರಗ ಒಯ್ಯತೈತಿ. ಅದರಾಗ ಸಪೋನಿನ್ ಅಂತ ಇನ್ನೊಂದೈತಿ. ಅಂಟವಾಳಕಾಯಿ ತಿಕ್ಕಿದ್ರ ನೊರಿ ಬರತೈತಲ್ಲ, ಆ ಜಾತಿದು. ಅದೂ ಈ ಕೆಲಸಕ್ಕ ಕೈ ಹಚ್ಚತೈತಿ ಅಂತಾರ. ಪಿತ್ತ ಹೊರಗ ಹೋತಂದ್ರ ಲಿವರ್ ಹೊಸಾದ್ದು ಮಾಡಬೇಕು. ಅದಕ್ಕ ರಕ್ತದಾಗಿನ ಕೊಲೆಸ್ಟರಾಲ್ ಎಳಕೊಳ್ಳಬೇಕು."

ರಮಜಾನಬಿ ಸ್ವಲ್ಪ ಯೋಚಿಸಿದಳು. "ಅಂದ್ರ ಕೊಡ ಚೆಲ್ಲಿದಷ್ಟೂ ಬಾವಿ ನೀರು ಇಳೀತಾವು."

"ಅಷ್ಟ. ಇಳೀತಾವೋ ಇಲ್ಲೋ, ಎಷ್ಟು ಇಳೀತಾವು ಅಂತ ನೋಡಬೇಕಾಗೇತಿ."

ಮೆಂತೆಯನ್ನು ಶುಚಿಮಾಡಿ, ಒಣಗಿಸಿ, ಬೀಸಿ ಕೊಡುವ ಕೆಲಸ ಆಕೆಗೇ ಬಂತು. ಹುಲಗೂರಿನಲ್ಲಿ ಕೊಲೆಸ್ಟರಾಲ್ ಜಾಸ್ತಿ ಇದ್ದು ರಕ್ತ ಕೊಡಲು ಒಪ್ಪಿದ ಇಪ್ಪತ್ತು ಚಿಲ್ಲರೆ ಮಂದಿ ಸಿಕ್ಕರು. ಅವರಲ್ಲಿ ಮಕ್ತುಮಸಾಬನೂ ಇದ್ದ, ನಮ್ಮ ಮಾವ ಭರಮಪ್ಪನೂ ಇದ್ದ. ಅರ್ಧ ಜನಕ್ಕೆ ಮೆಂತೆಹಿಟ್ಟು, ಇನ್ನರ್ಧಕ್ಕೆ ಏನೂ ಇಲ್ಲ. ಎರಡು ತಿಂಗಳ ಮೇಲೆ ಎಲ್ಲರ ರಕ್ತ ನೋಡುವುದು. ಹಸಿ ಮೆಂತೆಹಿಟ್ಟು ರೊಟ್ಟಿಯಲ್ಲಿ ಹಾಕಿದರೆ ಬಾಯಿಗೆ ಇಡಲಾಗದಷ್ಟು ಕಹಿ. ರಮಜಾನಬಿ ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಬಿಸಿಲಿಗೆ ಒಣಗಿಸಿ ಬೀಸಿ ನೋಡಿದಳು; ಕಹಿ ಅರ್ಧ ಇಳಿಯಿತು. ಲೋಳೆ ಹೋಗುತ್ತದೇನೋ ಎಂದು ಡಾಕ್ಟರನ್ನು ಕೇಳಿದಳು. ಅವರು ಹಿಟ್ಟನ್ನು ನೀರಲ್ಲಿ ಕಲಸಿ ಬೆರಳಿಂದ ಎಳೆದು ನೋಡಿ, ಇನ್ನೂ ಸಾಕಷ್ಟು ಇದೆ ಎಂದರು. ದಪ್ಪ ಮಜ್ಜಿಗೆಯಲ್ಲಿ ಕಲಸಿ, ಜೀರಿಗೆ ಉಪ್ಪು ಹಾಕಿ ಕುಡಿಯುವುದು ಎಂದು ಗೊತ್ತಾಯಿತು.

ಎರಡು ತಿಂಗಳಾಯಿತು. ಫಲಿತಾಂಶ ಬಂದಾಗ ಡಾಕ್ಟರ ಮುಖ ಬಾಡಿತ್ತು. ಹಿಟ್ಟು ಕುಡಿದವರಿಗೂ ಕುಡಿಯದವರಿಗೂ ಏನೇನೂ ಫರಕಿರಲಿಲ್ಲ. ಎರಡೂ ಕಡೆ ಸ್ವಲ್ಪ ಸ್ವಲ್ಪ ಇಳಿದಿತ್ತು. ಅದಕ್ಕೆ ಅರ್ಥ ಹೇಗೆ ಹಚ್ಚುವುದು?

ಭಟ್ಟಿಯ ಕಟ್ಟೆಯ ಮೇಲೆ ಕೂತು ಅವರು ಈ ಮಾತು ಹೇಳಿದಾಗ ಯಂಕವ್ವ ಅಲ್ಲೇ ಇದ್ದಳು. ರಮಜಾನಬಿ ಜರಡಿ ಹಿಡಿಯುತ್ತಿದ್ದ ಕೈ ನಿಲ್ಲಿಸಿ, "ಕುಡೀದವರು ಯಾರದಾರ್ರಿ ಸಾಹೇಬ್ರ? ಎಲ್ಲಾರೂ ಕುಡದಾರ" ಎಂದಳು.

"ಅಂದ್ರ?"

"ಯಂಕವ್ವನ ಮನಿಗೆ ಹಿಟ್ಟು ಹೋಗತಿತ್ತು. ನಮ್ಮ ಮನಿಗೆ ಇರಲಿಲ್ಲ. ಈಕಿ ದಿನಾ ಅರ್ಧ ಚರಗಿ ಮಜ್ಜಿಗಿ ಗ್ವಾಡಿ ಮ್ಯಾಲಿಂದ ಕೊಡತಿದ್ಲು. ಅಲ್ಲಿ ಮ್ಯಾಲಿನ ಓಣ್ಯಾಗೂ ಹಂಗ. ಬಾಜೂ ಮನಿಯವಗೂ ಎದಿ ಬ್ಯಾನಿ ಇದ್ದಾಗ ತಾವಷ್ಟ ಹೆಂಗ ಕುಡದಾರು?"

ಯಂಕವ್ವ ಸೆರಗು ಸರಿಮಾಡಿಕೊಳ್ಳುತ್ತ, "ಹಂಚಿ ತಿನ್ನಬಾರದಂತ ನೀವು ಹೇಳಲಿಲ್ರಿ" ಎಂದಳು.

ಡಾಕ್ಟರ್ ಮಹಾಲಿಂಗಪ್ಪ ಹಣೆಯ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ನಗಲು ಶುರುಮಾಡಿದರು. "ತಪ್ಪು ನಂದ. ಕುಡೀರಿ ಅಂತ ಹೇಳಿದೆ, ಉಳದವರು ಯಾಕ ಕುಡೀಬಾರದು ಅಂತ ಹೇಳಲಿಲ್ಲ" ಎಂದರು. ಒಂದು ಇಡೀ ವರ್ಷದ ತಯಾರಿ ನೀರಲ್ಲಿ ಹೋಗಿತ್ತು, ಆದರೂ ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಈ ಮಾತನ್ನು ಯಂಕವ್ವ ಪ್ರತಿಸಲ ಹೇಳುತ್ತಿದ್ದಳು.

ಮುಂದಿನ ಸಲಕ್ಕೆ ಅವರು ಬೇರೆ ದಾರಿ ಹಿಡಿದರು. ಅರ್ಧ ಜನ ಮೊದಲ ಎರಡು ತಿಂಗಳು ಕುಡಿಯುವುದು, ಉಳಿದವರು ಬಿಡುವುದು. ನಡುವೆ ಕೆಲವು ವಾರ ಎಲ್ಲರೂ ಬಿಡುವುದು. ಆಮೇಲೆ ಅದಲುಬದಲು. ಯಾರಿಗೂ ತಪ್ಪುವುದಿಲ್ಲ, ಆದರೆ ಪಾಳಿ ಬರುವ ತನಕ ಕಾಯಬೇಕು. ಗುಳಗಿ ಮಾತ್ರ ಯಾರದೂ ನಿಲ್ಲುವುದಿಲ್ಲ. "ಪಾಳಿ ಅಂದ್ರ ನಮ್ಮ ಮಂದಿಗೆ ತಿಳೀತೈತಿ. ಆದ್ರ ಯಾಕ ಕಾಯಬೇಕು ಅನ್ನೂದು ತಿಳೀಬೇಕು. ಅದನ್ನ ನಾ ಹೇಳಿದ್ರ ಹೂಂ ಅಂತಾರ, ಮನಿಗೆ ಹೋಗಿ ಮರೀತಾರ" ಎಂದು ರಮಜಾನಬಿಯ ಕಡೆ ನೋಡಿದರು.

ಆಕೆ ಮನೆ ಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಮಾತಾಡಿಸಿದಳು. ಎರಡು ಪುಟ್ಟಿಯಲ್ಲಿ ಚುರುಮುರಿ ಒಯ್ದು, "ಎರಡಕ್ಕೂ ಉಪ್ಪು ಹಾಕಿದ್ರ, ಉಪ್ಪಿನಿಂದ ರುಚಿ ಬಂತೋ ಅಕ್ಕಿಯಿಂದ ಬಂತೋ ಅಂತ ಹೆಂಗ ಗೊತ್ತಾಕ್ಕೈತಿ? ಒಂದು ಸಪ್ಪಗ ಇರಬೇಕಲ್ಲ" ಎಂದು ತಿನ್ನಿಸಿ ತೋರಿಸಿದಳು. "ಕೊಡೂದು ದೊಡ್ಡ ಕೆಲಸ ಖರೆ. ಈ ಎರಡ ತಿಂಗಳ ಕೊಡದಂಗ ಇರೂದು ಅದಕ್ಕಿಂತ ದೊಡ್ಡ ಕೆಲಸ" ಎಂದಳಂತೆ. ರಮಜಾನ್ ಕಳೆದ ಮೇಲೆ ಶುರು ಮಾಡೋಣ, ಆ ತಿಂಗಳು ನಮ್ಮ ಮನೆಗಳಲ್ಲಿ ಊಟದ ಹೊತ್ತು, ಬಗೆ ಎಲ್ಲಾ ಬೇರೆ ಇರುತ್ತದೆ ಎಂದೂ ಹೇಳಿದಳು. ಡಾಕ್ಟರು ಒಪ್ಪಿದರು.

ಎಂಬತ್ತಮೂರರ ಮಳೆಗಾಲದಲ್ಲಿ ಭಟ್ಟಿಯ ಚಪ್ಪರದಡಿ ಎಲ್ಲರ ಹೆಸರಿನ ಚೀಟಿ ಒಂದು ತಂಬಿಗೆಯಲ್ಲಿ ಹಾಕಿ ಎತ್ತಿದರು. ಭರಮಪ್ಪನಿಗೆ ಮೊದಲ ಪಾಳಿ ಬಂತು. ಮಕ್ತುಮಸಾಬನಿಗೆ ಎರಡನೆಯದು.

ಡಾಕ್ಟರು ಚೀಟಿಯನ್ನು ಓದಿ ರಮಜಾನಬಿಯ ಮುಖ ನೋಡಿದರು. ಹಿಟ್ಟೆಲ್ಲ ಬೀಸುವವಳು ಆಕೆ, ಡಬ್ಬಿಗಳೆಲ್ಲ ಇರುವುದು ಆಕೆಯ ಮನೆಯಲ್ಲಿ. "ಇವರನ್ನ ಲೆಕ್ಕದಿಂದ ಬಿಡೂಣೇನು?" ಎಂದು ಮೆಲ್ಲಗೆ ಕೇಳಿದರು.

"ಮಂದಿಗೆ ಕಾಯ್ರಿ ಅಂತ ಹೇಳಿ ನಾನ ಕಾಯದಿದ್ರ ಯಾರು ಕಾಯತಾರ್ರಿ? ಇರಲಿ ಬಿಡ್ರಿ" ಎಂದಳು ಆಕೆ. ಗಂಡನ ಕಡೆ ತಿರುಗಿ, "ಏನ್ರಿ?" ಎಂದಳು. ಮಕ್ತುಮಸಾಬ, "ನನಗೇನು, ಕಹಿ ಮಜ್ಜಿಗಿ ಎರಡ ತಿಂಗಳ ಮುಂದ ಹೋತು" ಎಂದು ನಕ್ಕ.

ಮನೆಯಲ್ಲಿ ಅವರದು ಉರ್ದು ಮಾತು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಎರಡು ತಿಂಗಳು ರಮಜಾನಬಿ ಬದುಕಿದ ರೀತಿಯನ್ನು ನಾನು ದಸರಾ ಸೂಟಿಯಲ್ಲಿ ಕಣ್ಣಾರೆ ಕಂಡೆ. ಬೆಳಿಗ್ಗೆ ಚಪ್ಪರದ ಒಂದು ಮೂಲೆಯಲ್ಲಿ ಬೀಸುಕಲ್ಲು ಹಾಕಿಕೊಂಡು ಮೆಂತೆ ಬೀಸುವಳು. ಹಳದಿ ಧೂಳು ಆಕೆಯ ಹುಬ್ಬಿನ ಮೇಲೆ, ಬಳೆಗಳ ನಡುವೆ ಕೂಡುತ್ತಿತ್ತು. ಬೀಸಿದ್ದನ್ನು ಡಬ್ಬಿಗೆ ತುಂಬಿ ಮುಚ್ಚಿದ ಮೇಲೆ ಬಚ್ಚಲಿಗೆ ಹೋಗಿ ಮೊಣಕೈ ತನಕ ಕೈ ತೊಳೆದು, ತಲೆಯ ಮೇಲಿನ ಓಡನಿ ಬದಲಿಸಿ, ಆಮೇಲೆ ಗಂಡನ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಇಷ್ಟು ಮಾಡಲು ಡಾಕ್ಟರು ಹೇಳಿರಲಿಲ್ಲ. ಒಂದು ಚಿಟಿಕೆ ಧೂಳಿನಿಂದ ಏನಾಗುತ್ತದೆ ಎಂದು ನಾನು ಕೇಳಿದೆ.

"ಏನೂ ಆಗಲಿಕ್ಕಿಲ್ರಿ ಮಾಸ್ತರ" ಎಂದಳು. "ಇವತ್ತ ಧೂಳು ಇರಲಿ ಅಂತೇನಿ, ನಾಳಿಗೆ ಚಿಟಿಕಿ ಇರಲಿ ಅಂತೇನಿ. ನನ್ನ ಮನಸ್ಸು ನನಗ ಗೊತ್ತೈತಿ."

ಯಂಕವ್ವನ ಮನೆಯಲ್ಲೂ ಅಷ್ಟೇ ಕಷ್ಟ. ಮಜ್ಜಿಗೆ ಚರಗಿ ಗೋಡೆಯ ತನಕ ಒಯ್ದು, ನೆನಪಾಗಿ ವಾಪಸು ತರುತ್ತಿದ್ದಳಂತೆ. ಇಪ್ಪತ್ತು ವರ್ಷ ಕೊಟ್ಟು ತಂದ ಕೈ, ಸುಲಭಕ್ಕೆ ಕೇಳುತ್ತದೆಯೇ? ಬೇರೆ ಪಲ್ಯ, ಚಟ್ನಿ ಕೊಡುತ್ತಿದ್ದರು. ಮೆಂತೆ ಮಾತ್ರ ಇಲ್ಲ.

ಪಾಳಿಯ ನಡುವಿನಲ್ಲಿ, ದರ್ಗಾಕ್ಕೆ ಜನ ಸೇರುವ ಒಂದು ಗುರುವಾರ, ಮಧ್ಯಾಹ್ನದ ಗಿರಾಕಿಯ ಹೊತ್ತು, ಚೀಲ ಎತ್ತಲು ಬಗ್ಗಿದ ಮಕ್ತುಮಸಾಬ ಹಾಗೇ ಗೋಡೆಗೆ ಒರಗಿದ. ಮುಖದ ತುಂಬ ಬೆವರು. ರಮಜಾನಬಿ ಕಡಾಯಿ ಬಿಟ್ಟು ಓಡಿದಳು. ನಾಲಿಗೆಯ ಕೆಳಗೆ ಗುಳಗಿ ಇಟ್ಟು, ಅಂಗಿಯ ಗುಂಡಿ ಬಿಚ್ಚಿ, ಮಾತಾಡಬೇಡಿ ಎಂದು ಬೆನ್ನಿಗೆ ಚೀಲ ಕೊಟ್ಟು ಕೂರಿಸಿದಳು. ಆತನ ತಮ್ಮ ಬಾಬಾಜಾನ ಸುದ್ದಿ ಕೇಳಿ ಗಿರಣಿಯಿಂದ ಬಂದ. ಅಣ್ಣನ ಮುಖ ನೋಡಿದವನೇ ಅತ್ತಿಗೆಯ ಮೇಲೆ ಹರಿಹಾಯ್ದ.

"ಮನಿ ತುಂಬ ಔಷಧದ ಡಬ್ಬಿ ಇಟ್ಕೊಂಡು ಗಂಡನ ಬಾಯಾಗ ಒಂದು ಚಮಚಾ ಹಾಕವಲ್ರಿ. ಊರ ಮಂದಿಗೆಲ್ಲಾ ಕುಡಸತೀರಿ. ಒಬ್ಬ ಅಣ್ಣ ಹೋದ, ಇನ್ನೊಬ್ಬನ್ನೂ ಕಳಸಬೇಕಂತೀರೇನು ಭಾಬಿ?"

ಓಣಿಯ ಜನ ಕೂಡಿದ್ದರು. ರಮಜಾನಬಿ ಒಲೆಯ ಕಟ್ಟಿಗೆ ಹೊರಗೆಳೆದು ನೀರು ಹಾಕಿದಳು, ಟೆಂಪೋ ಕರೆಸಿದಳು, ಗಂಡನನ್ನು ಶಿಗ್ಗಾಂವಿಗೆ ಕರೆದೊಯ್ದಳು. ಬಾಬಾಜಾನನೂ ಜೊತೆಗೆ ಹತ್ತಿದ. ಯಂಕವ್ವನ ಹತ್ತಿರ ಎಷ್ಟೋ ದಿನದ ಮೇಲೆ ಆಕೆ ಹೇಳಿದ್ದು ಇದು: ಟೆಂಪೋ ಹತ್ತುವ ಮೊದಲು ಒಳಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದಿದ್ದಳು. ಸ್ವಲ್ಪ ಹೊತ್ತು ನಿಂತು, ಮತ್ತೆ ಮುಚ್ಚಿ ಬಂದಿದ್ದಳು.

ಡಾಕ್ಟರು ನೋಡಿ, ಇಸಿಜಿ ಯಂತ್ರ ಹಚ್ಚಿ ಪಟ್ಟಿ ತೆಗೆದು, ಹೃದಯಕ್ಕೆ ಹೊಸ ಪೆಟ್ಟೇನೂ ಬಿದ್ದಿಲ್ಲ, ಭಾರ ಎತ್ತಿದ್ದಕ್ಕೆ ಹಿಡಿದುಕೊಂಡಿದೆ ಎಂದರು. ಗುಳಗಿ ಬದಲಿಸಿದರು. ಚೀಲ ಎತ್ತುವುದು, ಏರಿನಲ್ಲಿ ಸೈಕಲ್ ತುಳಿಯುವುದು ಪೂರಾ ಬಂದ್ ಎಂದರು. ಆಮೇಲೆ ಆತನ ಮಂಚದ ಹತ್ತಿರವೇ ಮೂವರಿಗೂ ಹೇಳಿದರು.

"ಒಂದು ಮಾತು ತಿಳಕೋರಿ. ಈ ಬ್ಯಾನಿಗೆ ಮೆಂತೆಹಿಟ್ಟು ಔಷಧ ಅಲ್ಲ. ಇವತ್ತ ಒಂದು ಸೇರು ಕುಡಿಸಿದ್ರೂ ಈ ನೋವು ನಿಲ್ಲತಿರಲಿಲ್ಲ. ಅದು ಏನರ ಮಾಡೂದಿದ್ರ ತಿಂಗಳಾನುಗಟ್ಟಲೆ ಹಿಡೀತೈತಿ. ಗುಳಗಿ ಇಟ್ಟು ಕೂರಿಸಿದ್ದು ಬರೋಬ್ಬರಿ ಕೆಲಸ. ಇನ್ನ, ನಿಮಗ ಕಾಯಾಕ ಮನಸ್ಸಿಲ್ಲಂದ್ರ ಇವತ್ತಿನಿಂದನ ಕುಡಸ್ರಿ. ನಾ ಅವರ ಹೆಸರು ಲೆಕ್ಕದಿಂದ ತಗೀತೇನಿ. ನನ್ನ ಕೆಲಸಕ್ಕ ನಿಮ್ಮ ಮನಸ್ಸು ನೋಯಿಸಬ್ಯಾಡ್ರಿ."

ಬಾಬಾಜಾನ ಅತ್ತಿಗೆಯ ಮುಖ ನೋಡಿದ. ರಮಜಾನಬಿ ಗಂಡನ ಮುಖ ನೋಡಿದಳು. ಈ ಸಲ ಆಕೆ ತನ್ನ ಮಾತು ಹೇಳಲಿಲ್ಲ. ಜೀವ ಆತನದು, ಆತನೇ ಹೇಳಲಿ ಎಂದುಕೊಂಡಳು.

ಮಕ್ತುಮಸಾಬ ಮಲಗಿದ್ದಲ್ಲಿಂದಲೇ ಹೇಳಿದ: "ಅರ್ಧ ದಾರಿ ಬಂದೇವಿ. ಗುಳಗಿ ನಡದೈತಿ. ನನ್ನ ಪಾಳಿ ಬಂದಾಗ ಕುಡೀತೇನ್ರಿ. ಮನ್ಯಾಗ ಈಕಿ ದಿನಾ ಕೈ ತೊಳಕೊಳ್ಳೂದು ನಾ ನೋಡೇನಿ. ಅದನ್ನ ನೀರಾಗ ಹಾಕಬಾರದು."

ಆತ ಅದನ್ನು ಗಮನಿಸಿದ್ದಾನೆ ಎಂದು ಆಕೆಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಎದ್ದು ಹೊರಗೆ ಹೋಗಿ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಬಾಬಾಜಾನ ಒಂದು ಗ್ಲಾಸು ಚಹಾ ತಂದು ಆಕೆಯ ಪಕ್ಕದಲ್ಲಿಟ್ಟ. ಅವತ್ತಿನಿಂದ ಸಂತೆಗೆ ಚೀಲ ಒಯ್ಯುವ ಕೆಲಸ ಆತನೇ ವಹಿಸಿಕೊಂಡ.

ಮೊದಲ ಪಾಳಿ ಮುಗಿಯಿತು, ನಡುವಿನ ವಾರಗಳು ಕಳೆದವು, ಮಕ್ತುಮಸಾಬನ ಪಾಳಿ ಬಂತು. ಮೊದಲ ದಿನ ರಮಜಾನಬಿ ಹಿತ್ತಾಳೆಯ ಲೋಟದಲ್ಲಿ ಮಜ್ಜಿಗೆ ಕಲಸಿ ಕೊಟ್ಟಳು. ಆತ ಒಂದೇ ಗುಟುಕಿಗೆ ಕುಡಿದು ಮುಖ ಹಿಂಡಿ, "ಇದಕ್ಕ ಇಷ್ಟ ಕಾದೆನೇನು" ಎಂದ. ಈ ಸಲ ಯಂಕವ್ವನ ಮನೆಯಲ್ಲಿ ಹಿಟ್ಟಿಲ್ಲ. ನಮ್ಮ ಮಾವನಿಗೆ ಅದೊಂದು ಖುಷಿ.

ಎಂಬತ್ನಾಲ್ಕರ ಬೇಸಗೆ ಶುರುವಾಗುವ ಹೊತ್ತಿಗೆ ಡಾಕ್ಟರು ಕಾಗದ ಹಿಡಿದುಕೊಂಡು ಹುಲಗೂರಿಗೆ ಬಂದರು. ಒಬ್ಬೊಬ್ಬರನ್ನೇ ಕರೆದು ಅವರವರ ಅಂಕಿ ಹೇಳಿದರು. ಈ ಸಲ ಫರಕು ಕಂಡಿತ್ತು. ಕುಡಿದ ಪಾಳಿಯಲ್ಲಿ ಹೆಚ್ಚಿನವರದು ಇಳಿದಿತ್ತು, ಬಿಟ್ಟಾಗ ಮತ್ತೆ ಮೇಲಕ್ಕೆ ಹೊರಟಿತ್ತು. ಎಲ್ಲರದೂ ಅಲ್ಲ. ಭರಮಪ್ಪನದು ಕದಲಿದ್ದೇ ಇಲ್ಲ ಎನ್ನುವಷ್ಟು ಕಡಿಮೆ. "ಎರಡ ತಿಂಗಳ ಕಹಿ ಕುಡಿದದ್ದು ದಂಡ ಆತಲ್ರಿ" ಎಂದು ಆತ ಬೇಜಾರಾದ. "ದಂಡ ಅಲ್ಲ. ಎಲ್ಲಾರಿಗೂ ಒಂದ ನಮೂನಿ ಆಗಂಗಿಲ್ಲ ಅನ್ನೂದು ನಿಮ್ಮಿಂದ ಗೊತ್ತಾತು" ಎಂದರು ಡಾಕ್ಟರು. ಮಾವನಿಗೆ ಅದು ಪೂರಾ ಸಮಾಧಾನವೇನೂ ಆಗಲಿಲ್ಲ.

ಮಕ್ತುಮಸಾಬನದು ಮುನ್ನೂರ ಹತ್ತರಿಂದ ಇನ್ನೂರ ಅರವತ್ತಕ್ಕೆ ಬಂದಿತ್ತು. ರಮಜಾನಬಿ ಅದನ್ನು ಎರಡು ಸಲ ಹೇಳಿಸಿಕೊಂಡಳು.

"ಇನ್ನೂ ಜಾಸ್ತಿನ ಐತಿ" ಎಂದು ಡಾಕ್ಟರು ಎಚ್ಚರಿಸಿದರು. "ಇಳದೈತಿ ಅಂತ ಗುಳಗಿ ಬಿಡಬ್ಯಾಡ್ರಿ, ಖಾರಾ ಹಿಡೀಬ್ಯಾಡ್ರಿ. ಇಷ್ಟ ಮಂದಿ ಮ್ಯಾಲ ನೋಡಿ ದೊಡ್ಡ ಮಾತು ಹೇಳಾಕ ಬರೂದಿಲ್ಲ. ಆದ್ರ ಈ ಸಲ ನೋಡಿದ್ದು ಸಾಫ್ ಐತಿ. ಯಾರೂ ಕಲಬೆರಕಿ ಮಾಡಿಲ್ಲ."

ಕಡೆಯ ಮಾತನ್ನು ಅವರು ರಮಜಾನಬಿಯ ಕಡೆ ನೋಡಿ ಹೇಳಿದರು. ಜೀವಮಾನವೆಲ್ಲ ಚುರುಮುರಿಯಲ್ಲಿ ಕಲಬೆರಕೆ ಮಾಡದವಳಿಗೆ ಅದಕ್ಕಿಂತ ದೊಡ್ಡ ಮಾತು ಇರಲಿಲ್ಲ. ಆ ವರ್ಷವೇ ಅವರು ಹುಬ್ಬಳ್ಳಿಯಲ್ಲಿ ವೈದ್ಯರ ಸಭೆಯೊಂದರಲ್ಲಿ ಇದನ್ನು ಓದಿದರು. ಕೆಲವರು ಚೆನ್ನಾಗಿದೆ ಎಂದರಂತೆ, ಒಬ್ಬರು ಜನ ಬಹಳ ಕಡಿಮೆ ಎಂದರಂತೆ. "ಖರೇನ ಐತಿ ಅವರು ಹೇಳಿದ್ದು" ಎಂದು ಡಾಕ್ಟರೇ ಬಂದು ಭಟ್ಟಿಯ ಕಟ್ಟೆಯ ಮೇಲೆ ಹೇಳಿದರು.

ಸುದ್ದಿ ಮಾತ್ರ ಡಾಕ್ಟರಿಗಿಂತ ಮುಂದೆ ಓಡಿತು. ಹುಲಗೂರಿನಲ್ಲಿ ಎದೆರೋಗಕ್ಕೆ ಔಷಧ ಸಿಗುತ್ತದೆ ಎಂದು ದರ್ಗಾಕ್ಕೆ ಬಂದವರೆಲ್ಲ ಕೇಳಲು ಶುರು ಮಾಡಿದರು. ಸವಣೂರಿನಿಂದ ಮಜೀದ ಎಂಬ ಕಿರಾಣಿ ವ್ಯಾಪಾರಿ ಬಂದ. ಒಳ್ಳೆಯ ಮನುಷ್ಯ, ಆಕೆಯ ತವರಿನ ಓಣಿಯವನೇ. ಹಿಟ್ಟನ್ನು ಪಾಕೀಟು ಮಾಡಿ ಹೃದಯರೋಗಕ್ಕೆ ರಾಮಬಾಣ ಎಂದು ಅಚ್ಚು ಹಾಕಿಸೋಣ, ಹುಬ್ಬಳ್ಳಿಯ ತನಕ ಮಾರುತ್ತೇನೆ ಎಂದ.

"ಹಿಟ್ಟು ಕೊಡತೇನಿ. ಮೆಂತೆಹಿಟ್ಟು ಅಂತ ಬರೀರಿ. ರಾಮಬಾಣ ಅಂತ ಬರದ್ರ ಕೊಡೂದಿಲ್ಲ" ಎಂದಳು ರಮಜಾನಬಿ.

"ಮೆಂತೆಹಿಟ್ಟು ಅಂದ್ರ ಯಾರು ತಗೋತಾರಕ್ಕಾ? ಅದು ಎಲ್ಲಾರ ಮನ್ಯಾಗೂ ಐತಿ."

"ಎಲ್ಲಾರ ಮನ್ಯಾಗೂ ಐತಲ್ಲ, ಮತ್ತ ಮಾರೂದ್ಯಾಕ?"

ಮಜೀದ ಚಹಾ ಕುಡಿದು ಎದ್ದುಹೋದ. ಬಾಬಾಜಾನನಿಗೆ ಸ್ವಲ್ಪ ಕಸಿವಿಸಿಯಾಯಿತು, ಆದರೆ ಈಗ ಆತ ಅತ್ತಿಗೆಯ ಎದುರು ದನಿ ಎತ್ತುತ್ತಿರಲಿಲ್ಲ.

ಅದಾದ ಕೆಲವು ತಿಂಗಳಿಗೆ ಹಿರೇಕೆರೂರಿನ ಕಡೆಯಿಂದ ಶಾರವ್ವ ಎಂಬ ಹೆಣ್ಣುಮಗಳು ಗಂಡ ಗುತ್ತೆಪ್ಪನನ್ನು ಕರೆದುಕೊಂಡು ಬಂದಳು. ನಾನು ಅವತ್ತು ಅಲ್ಲಿದ್ದೆ. ಗುತ್ತೆಪ್ಪ ಬಸ್ಸಿನಿಂದ ಇಳಿದು ಭಟ್ಟಿಯ ತನಕ ಬರುವುದರಲ್ಲಿ ಎರಡು ಕಡೆ ಕೂತಿದ್ದ. ಶಾರವ್ವ ಸೆರಗಿನ ಗಂಟು ಬಿಚ್ಚುತ್ತ, "ಹಿಟ್ಟು ಕೊಡ್ರಿ ಅಕ್ಕಾರ. ನಿಮ್ಮ ಹಿಟ್ಟು ಚಲೋ ಐತಂತ ಕೇಳಿ ಇವರ ಗುಳಗಿ ಎಲ್ಲಾ ಬಿಡಿಸಿಬಿಟ್ಟೇನಿ" ಎಂದಳು.

ರಮಜಾನಬಿ ಕೈಯ ಜರಡಿ ಕೆಳಗಿಟ್ಟಳು. "ಯಾವಾಗ ಬಿಡಿಸಿದ್ರಿ?"

"ಒಂದು ವಾರ ಆತ್ರಿ."

ಆಕೆ ಬೈಯಲಿಲ್ಲ. ಗುತ್ತೆಪ್ಪನನ್ನು ನೆರಳಿಗೆ ಕೂರಿಸಿ ನೀರು ಕೊಟ್ಟಳು. ಗುರುವಾರ, ಗಿರಾಕಿ ಕ್ಯೂ ನಿಂತಿದ್ದರು. ಕಡಾಯಿಯ ಉಸುಕು ಕೆಂಪಗೆ ಕಾದಿತ್ತು. ಗಂಡನಿಗೆ, "ಇವತ್ತ ಇದ್ದಷ್ಟ ಮಾರ್ರಿ, ಹೊಸಾದ್ದು ಹುರಿಯೂದಿಲ್ಲ" ಎಂದು ಹೇಳಿ, ಒಲೆ ಆರಿಸಿ, ಅವರಿಬ್ಬರನ್ನೂ ಶಿಗ್ಗಾಂವಿಯ ಬಸ್ಸಿಗೆ ಹತ್ತಿಸಿ ತಾನೂ ಹತ್ತಿದಳು. ದಾರಿಯುದ್ದಕ್ಕೂ ಶಾರವ್ವನಿಗೆ ತಿಳಿಹೇಳಿದಳಂತೆ: ಮೆಂತೆ ಊಟದ ಜೋಡಿ ಹೋಗುವಂಥದು, ಗುಳಗಿಯ ಜಾಗಕ್ಕೆ ಅಲ್ಲ, ನನ್ನ ಗಂಡನೂ ಎರಡನ್ನೂ ತಗೊಳ್ಳುತ್ತಾನೆ, ಯಾರದು ಎಷ್ಟು ಇಳಿಯುತ್ತದೆ ಎನ್ನುವುದು ರಕ್ತ ನೋಡಿದ ಮೇಲೇ ಗೊತ್ತು, ನಮ್ಮ ಬಾಜೂ ಮನೆಯ ಭರಮಪ್ಪನದು ಇಳಿಯಲೇ ಇಲ್ಲ.

ಡಾಕ್ಟರು ಗುತ್ತೆಪ್ಪನನ್ನು ಎರಡು ದಿನ ದವಾಖಾನೆಯಲ್ಲೇ ಇಟ್ಟುಕೊಂಡರು. ಇನ್ನೊಂದು ವಾರ ಗುಳಗಿ ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ರಮಜಾನಬಿ ಆ ರಾತ್ರಿ ಶಾರವ್ವನ ಜೊತೆ ಅಲ್ಲೇ ಇದ್ದು, ಮರುದಿನ ಬೆಳಿಗ್ಗೆಯ ಬಸ್ಸಿಗೆ ಹುಲಗೂರಿಗೆ ಬಂದಳು.

ಆಮೇಲೆ ಯಾರೇ ಮೆಂತೆಹಿಟ್ಟು ಕೇಳಿಕೊಂಡು ಬಂದರೂ ಆಕೆ ಮೊದಲು ಗುಳಗಿ ನಡೆದಿದೆಯೋ ಇಲ್ಲವೋ ಕೇಳುತ್ತಿದ್ದಳು. ನಡೆದಿದೆ ಎಂದರೆ ಹಿಟ್ಟು ಮಾಡಿಕೊಳ್ಳುವ ರೀತಿ ಹೇಳಿಕೊಟ್ಟು, ಮನೆಯ ಕಾಳನ್ನೇ ನೆನೆಸಿಕೊಳ್ಳಿ ಎಂದು ಕಳಿಸುತ್ತಿದ್ದಳು. ಹಿಟ್ಟು ಮಾರುವ ವ್ಯಾಪಾರ ಹೀಗಾಗಿ ಬೆಳೆಯಲೇ ಇಲ್ಲ. ಆದರೆ ಹುಲಗೂರಿನ ಮನೆಮನೆಗಳಲ್ಲಿ ರಾತ್ರಿ ಮೆಂತೆ ನೆನೆಹಾಕುವ ರೂಢಿ ಬಿತ್ತು, ಸುತ್ತಲಿನ ಹಳ್ಳಿಗಳಿಗೂ ಹೋಯಿತು.

ಮಕ್ತುಮಸಾಬ ಅಪ್ಪ ಮತ್ತು ಅಣ್ಣನ ವಯಸ್ಸು ದಾಟಿದ. ಅದರಲ್ಲಿ ಗುಳಗಿಯದೆಷ್ಟು, ಬೀಡಿ ಬಿಟ್ಟದ್ದೆಷ್ಟು, ಮೆಂತೆಯದೆಷ್ಟು ಎಂದು ಹೇಳಲು ಬರುವುದಿಲ್ಲ ಎಂದು ಡಾಕ್ಟರು ಹೇಳುತ್ತಿದ್ದರು, ರಮಜಾನಬಿಯೂ ಹಾಗೇ ಹೇಳುತ್ತಿದ್ದಳು. ಎಂಬತ್ತೆಂಟರಲ್ಲಿ ನಾನು ಹೋದಾಗ ಆತ ತಕ್ಕಡಿಯ ಮುಂದೆ ಕೂತು ಗಿರಾಕಿಗಳೊಡನೆ ಹರಟುತ್ತಿದ್ದ. ನನ್ನನ್ನು ಕಂಡು, "ಬರ್ರಿ ಮಾಸ್ತರ, ಕುಂದರ್ರಿ" ಎಂದು ಜಾಗ ಮಾಡಿದ. ಒಳಗಿನಿಂದ ಯಂಕವ್ವನೂ ರಮಜಾನಬಿಯೂ ಮಾತಾಡುವುದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ರಮಜಾನಬಿ ಹೊರಗೆ ಬಂದು ನನ್ನ ಕೈಗೂ ಒಂದು ಲೋಟ ಮಜ್ಜಿಗೆ ಕೊಟ್ಟಳು. ಜೀರಿಗೆ, ಉಪ್ಪು ಹದವಾಗಿತ್ತು. ಮೆಂತೆಯ ಕಹಿ ಕೊನೆಯಲ್ಲಿ ಬಂತು. ನಾನು ಕುಡಿದು ಮುಗಿಸುವ ತನಕ ಆಕೆ ಅಲ್ಲೇ ನಿಂತಿದ್ದಳು.